ಓದುಗರ ಪ್ರಶ್ನೆ: ಲಕ್ಕುಂಡಿ ನೋಡಿದ ಕಣ್ಣಿಗೆ ಅಂಕೋರ್

ಹಿಂದಿನ ಸಂಚಿಕೆಯಲ್ಲಿ ಕಾಂಬೋಡಿಯಾದ ಖ್ಮೇರ್ ದೇವಸ್ಥಾನಗಳ (ಖ್ಮೇರ್ ಅಂದರೆ ಅಲ್ಲಿನ ಜನ, ಅಂಕೋರ್ ಅವರ ಹಳೇ ರಾಜಧಾನಿ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವೇ. ಭಾಳ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಡಿಸೆಂಬರ್‌ನಲ್ಲಿ ಅವ್ವನನ್ನು ಕರೆದುಕೊಂಡು ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ಗೆ ಹೋಗುವವರಿದ್ದೇವೆ. ಟೂರಿನವರು ಒಂದೇ ದಿನದಲ್ಲಿ ಸೂರ್ಯೋದಯ, ಅಂಕೋರ್ ವಾಟ್, ತಾ ಪ್ರೋಮ್, ಬಾಯೋನ್, ಬಾಂತೇ ಸ್ರೇ ದೇವಸ್ಥಾನಗಳು, ಒಂದು ಹಳ್ಳಿ, ರಾತ್ರಿ ಊಟದ ಜೊತೆ ಅಪ್ಸರಾ ನೃತ್ಯ, ಎಲ್ಲಾ ಹಾಕಿಕೊಟ್ಟಿದ್ದಾರೆ. ಅವ್ವನಿಗೆ ಎಪ್ಪತ್ತರ ಹತ್ತಿರ, ಮೊಣಕಾಲು ನೋವು ಬೇರೆ. ಆಗುತ್ತಾ? (ವಿದ್ಯಾನಗರ, ಹುಬ್ಬಳ್ಳಿ)

ಆಗಲ್ಲ. ಅವ್ವನ ಮೊಣಕಾಲು ಗಟ್ಟಿಯಿದ್ದರೂ ಆಗಲ್ಲ. ಅಂಕೋರ್ ವಾಟ್ ಒಂದನ್ನೇ ತಗೊಳ್ಳಿ. ಸುತ್ತಲಿನ ಕಂದಕವೇ ಸುಮಾರು 190 ಮೀಟರ್ ಅಗಲ, ಅದನ್ನು ದಾಟಿ, ಮಹಾದ್ವಾರ ದಾಟಿ, ಉದ್ದನೆಯ ಕಲ್ಲುಹಾದಿ ನಡೆದ ಮೇಲೆ ದೇವಸ್ಥಾನ ಶುರುವಾಗುವುದು. ಮೇಲಿನ ಅಂತಸ್ತಿಗೆ ಹೋಗುವ ಮೆಟ್ಟಿಲು ಕಡಿದಾಗಿವೆ, ಅಲ್ಲಿಗೆ ಅವ್ವನನ್ನು ಹತ್ತಿಸಬೇಡಿ. ಅವಸರ ಮಾಡಿದರೆ ಆರು ಕಡೆ ಫೋಟೊ ಸಿಗುತ್ತೆ, ಒಂದೂ ನೋಡಿದಂತಾಗಲ್ಲ.

ನನ್ನನ್ನು ಕೇಳಿದರೆ ಟೂರಿನವರಿಗೆ ಹೇಳಿ ಮೂರು ದಿನದ ಟಿಕೆಟ್ ತೆಗೆಸಿ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62. ಮೂರು ದಿನವನ್ನು 10 ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಅಂಕೋರ್ ವಾಟ್‌ಗೆ ಬೇರೆ ದಿನ ಇಡಿ. ಒಂದು ದಿನವನ್ನು ಮಾತ್ರ ಹೀಗೆ ಮಾಡಿ: ಬೆಳಿಗ್ಗೆ ಬಾಂತೇ ಸ್ರೇ, ಬರುವಾಗ ದಾರಿಯಲ್ಲಿ ಹಳ್ಳಿ, ಮಧ್ಯಾಹ್ನ ಊಟ ಮಾಡಿ ಅವ್ವ ಸ್ವಲ್ಪ ಅಡ್ಡಾಗಲಿ, ಸಂಜೆ ಬಾಯೋನ್, ರಾತ್ರಿ ನೃತ್ಯ. ದೇವಸ್ಥಾನ, ಹಳ್ಳಿ, ಆಟ ಮೂರೂ ಒಂದೇ ದಿನ ಕಣ್ಣಿಗೆ ಬೀಳಬೇಕು ಅಂತ ನಾನು ಒತ್ತಾಯ ಮಾಡುವುದಕ್ಕೆ ಕಾರಣವಿದೆ. ತಾ ಪ್ರೋಮ್‌ನಲ್ಲಿ 1186ರ ಒಂದು ಶಾಸನ ಸಿಕ್ಕಿದೆ. ಆ ದೇವಸ್ಥಾನ ನಡೆಸಲು 3,140 ಹಳ್ಳಿಗಳು ದುಡಿಯುತ್ತಿದ್ದವು, ಅಲ್ಲಿ 18 ಮುಖ್ಯ ಅರ್ಚಕರಿದ್ದರು, 615 ನರ್ತಕಿಯರಿದ್ದರು ಅಂತ ಅದರಲ್ಲಿ ಬರೆದಿದೆ. ನಮ್ಮ ಚಾಲುಕ್ಯರ ಶಾಸನಗಳಲ್ಲೂ ದೇವರಿಗೆ ಬಿಟ್ಟ ಹೊಲದ ಜೊತೆಗೇ ಪಾತ್ರದವರಿಗೆ (ಅಂದರೆ ಕುಣಿಯುವವರಿಗೆ), ಮದ್ದಳೆಯವರಿಗೆ ಇಷ್ಟಿಷ್ಟು ಅಂತ ಬರುತ್ತದಲ್ವಾ? ಅಲ್ಲೂ ಹಾಗೆಯೇ. ಕಲ್ಲು ಬೇರೆ, ಭತ್ತ ಬೇರೆ, ಕುಣಿತ ಬೇರೆ ಅಂತ ಇರಲೇ ಇಲ್ಲ. ಬರೀ ಕಲ್ಲು ನೋಡಿ ಬಂದರೆ ಮೂರರಲ್ಲಿ ಒಂದು ಪಾಲು ನೋಡಿದಂತೆ.

ಬಾಂತೇ ಸ್ರೇ ಚಿಕ್ಕದು, ನೆಲಮಟ್ಟದಲ್ಲಿದೆ, ಮೆಟ್ಟಿಲು ಹತ್ತುವ ಕೆಲಸ ಕಡಿಮೆ. ಕೆಂಪು-ಗುಲಾಬಿ ಬಣ್ಣದ ಮರಳುಗಲ್ಲು. 967ರಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದವನು ರಾಜನಲ್ಲ, ಯಜ್ಞವರಾಹ ಎಂಬ ಆಸ್ಥಾನದ ವಿದ್ವಾಂಸ. ಒಳಗಿನ ಚಿಕ್ಕ ಕಟ್ಟಡವೊಂದರ ಬಾಗಿಲ ಮೇಲೆ ರಾವಣ ಕೈಲಾಸವನ್ನು ಅಲ್ಲಾಡಿಸುವ ಕೆತ್ತನೆ ಇದೆ. ಅದರ ಮುಂದೆ ಅವ್ವನನ್ನು ನಿಲ್ಲಿಸಿ, ಏನೂ ಹೇಳಬೇಡಿ. ಕೆಳಗೆ ಹತ್ತು ತಲೆ, ಸಾಲು ಸಾಲು ಕೈಗಳ ರಾವಣ. ಅವನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ. ಆನೆ, ಸಿಂಹ, ಮಂಗ ಎಲ್ಲ ಗಾಬರಿಬಿದ್ದಿವೆ, ಋಷಿಗಳು ಇದೇನಾಯ್ತು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ತುದಿಯಲ್ಲಿ ಪಾರ್ವತಿ ಶಿವನನ್ನು ತಬ್ಬಿಕೊಂಡಿದ್ದಾಳೆ, ಶಿವ ಮಾತ್ರ ಕಾಲ್ಬೆರಳಿನಿಂದ ಬೆಟ್ಟ ಒತ್ತಿ ಆರಾಮ ಕೂತಿದ್ದಾನೆ. ನಿಮ್ಮ ಅವ್ವ ಆ ಕಥೆಯನ್ನು ಗೈಡ್‌ಗಿಂತ ಚಲೋ ಹೇಳುತ್ತಾರೆ ನೋಡಿ.

ವಾಪಸ್ ಬರುವ ರಸ್ತೆಯಲ್ಲೇ ಪ್ರೆಯಾ ಡಾಕ್ ಅನ್ನುವ ಹಳ್ಳಿ. ರಸ್ತೆ ಬದಿಯಲ್ಲೇ ತಾಳೆ ಬೆಲ್ಲ ಕಾಯಿಸುತ್ತಾರೆ. ಮರಕ್ಕೆ ಬಿದಿರಿನ ಏಣಿ ಕಟ್ಟಿರುತ್ತಾರೆ, ಹೂಗೊಂಚಲಿನ ತುದಿಗೆ ಬಿದಿರಿನ ಕೊಳವೆ ಸಿಕ್ಕಿಸಿ ರಸ ಇಳಿಸುತ್ತಾರೆ. ಮಣ್ಣಿನ ಒಲೆಯ ಮೇಲೆ ದೊಡ್ಡ ಕಡಾಯಿ. ರಸ ಗಟ್ಟಿಯಾಗುತ್ತಾ ಬಂದಂತೆ ಬಿಡದೆ ತಿರುವಬೇಕು, ಇಲ್ಲಾಂದ್ರೆ ತಳ ಹಿಡಿಯುತ್ತೆ. ಆಮೇಲೆ ತಾಳೆಗರಿಯ ಬಳೆಯೊಳಗೆ ಸುರಿದು ಬಿಲ್ಲೆ ಮಾಡುತ್ತಾರೆ. ಬಿಸಿ ಬಿಸಿ ಒಂದು ಬಿಲ್ಲೆ ಬಾಯಿಗೆ ಹಾಕಿಕೊಳ್ಳಿ. ಬೆಲ್ಲ ಅಲ್ಲೇ ಖರೀದಿ ಮಾಡಿ, ದುಡ್ಡು ನೇರ ಆ ಮನೆಯ ಹೆಣ್ಣುಮಗಳ ಕೈಗೆ ಹೋಗುತ್ತೆ.

ಬಾಯೋನ್‌ನಲ್ಲಿ ಎಲ್ಲರೂ ಕತ್ತೆತ್ತಿ ಗೋಪುರದ ದೊಡ್ಡ ಮುಖಗಳನ್ನೇ ನೋಡುತ್ತಾರೆ. ನೋಡಬೇಕು. ಆದರೆ ಹೆಚ್ಚು ಹೊತ್ತು ಕೆಳಗಿನ ಹೊರಗೋಡೆಗೆ ಕೊಡಿ. ಖ್ಮೇರ್ ರಾಜ ಏಳನೇ ಜಯವರ್ಮನ 1181ರಲ್ಲಿ ಪಟ್ಟಕ್ಕೆ ಬಂದ ಮೇಲೆ ಕಟ್ಟಿಸಿದ್ದು ಇದು. ದಕ್ಷಿಣದ ಗೋಡೆಯಲ್ಲಿ ಮೇಲೆ ಪಕ್ಕದ ಚಂಪಾ ರಾಜ್ಯದ ಚಾಮ್ ಸೈನ್ಯದ ಜೊತೆ ದೋಣಿ ಯುದ್ಧ ನಡೆದಿದೆ. ಅದರ ಕೆಳಗೆ ಊರಿನ ಜನ ತಮ್ಮ ಪಾಡಿಗೆ ತಾವಿದ್ದಾರೆ. ಒಬ್ಬಳು ತಲೆಯ ಹೇನು ತೆಗೆಯುತ್ತಿದ್ದಾಳೆ, ಒಬ್ಬಳಿಗೆ ಹೆರಿಗೆ ನೋವು, ಇಬ್ಬರು ಚದುರಂಗದ ಮುಂದೆ ಕೂತಿದ್ದಾರೆ, ಕೋಳಿ ಜಗಳಕ್ಕೆ ಪಂಥ ಕಟ್ಟುತ್ತಿದ್ದಾರೆ, ಮೀನು ಸುಡುತ್ತಿದ್ದಾರೆ. ಪೂರ್ವದ ಗೋಡೆಯಲ್ಲಿ ಮುಂದೆ ಹೋಗುತ್ತಿರುವವನ ಹಿಂಭಾಗಕ್ಕೆ ಆಮೆ ಕಚ್ಚಿದೆ! ರಾಜ ಕಟ್ಟಿಸಿದ ಗುಡಿಯಲ್ಲಿ ಇದನ್ನೆಲ್ಲಾ ಕೆತ್ತಿದ ಶಿಲ್ಪಿಯನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ಸಂತೆಯ ದೃಶ್ಯದಲ್ಲಿ ವ್ಯಾಪಾರಕ್ಕೆ ಕೂತವರಲ್ಲಿ ಹೆಂಗಸರೇ ಜಾಸ್ತಿ. 1296ರಲ್ಲಿ ಅಲ್ಲಿಗೆ ಬಂದಿದ್ದ ಚೀನಾದ ದೂತ ಜೌ ದಾಗ್ವಾನ್ ಕೂಡ ಅದನ್ನೇ ಬರೆದಿಟ್ಟಿದ್ದಾನೆ. ವ್ಯಾಪಾರವೆಲ್ಲ ಹೆಂಗಸರದು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಂತೆ, ಅಂಗಡಿ ಅಂದರೆ ನೆಲಕ್ಕೆ ಹಾಸಿದ ಚಾಪೆ, ಕೂತ ಜಾಗಕ್ಕೆ ಅಧಿಕಾರಿಗೆ ಬಾಡಿಗೆ ಕೊಡಬೇಕು.

ಅಂಕೋರ್ ಕಟ್ಟಿದ್ದು ನಮ್ಮವರೇ, ಇಲ್ಲಿಂದ ಹೋದ ಶಿಲ್ಪಿಗಳೇ ಅಂತ ಒಂದು ವಿಡಿಯೋ ಬಂದಿತ್ತು. ಖರೇನಾ? (ಗದಗ)

ಖರೇ ಅಲ್ಲ. ಕಟ್ಟಿಸಿದವರು ಖ್ಮೇರ್ ರಾಜರು, ಕೆತ್ತಿದವರು ಖ್ಮೇರ್ ಜನ. ದೇವರು, ಕಥೆ, ಸಂಸ್ಕೃತ, ಬರೆಯುವ ಲಿಪಿಯ ಮೂಲ ಈ ಕಡೆಯಿಂದ ಹೋದವು, ನಿಜ. ಅದನ್ನು ತಗೊಂಡು ಅವರು ತಮ್ಮದೇ ಮಾಡಿಕೊಂಡರು. ಅಂಕೋರ್ ವಾಟ್‌ನಂಥ ಕಟ್ಟಡ ನಮ್ಮಲ್ಲಿ ಎಲ್ಲಿದೆ ಹೇಳಿ? ಅದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮನ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ಅದರ ಹಿಂದಿನ ವರ್ಷ, 1112ರಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಗುಡಿ ಕಟ್ಟಿಸಿದ. ಒಂದೇ ಕಾಲದ ಎರಡು ಕೆಲಸ. ಇಟಗಿಯವರು ಬಳಪದ ಕಲ್ಲನ್ನು ತಿರುಗಣಿಗೆ ಹಚ್ಚಿ ಕನ್ನಡಿಯಂತೆ ಹೊಳೆಯುವ ಕಂಬ ಮಾಡಿದರು. ಅಂಕೋರಿನವರು ಕುಲೇನ್ ಬೆಟ್ಟದಿಂದ ಮರಳುಗಲ್ಲು ತಂದು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಸುಮಾರು 65 ಮೀಟರ್ ಎತ್ತರಕ್ಕೆ ಏರಿಸಿದರು. ಒಂದನ್ನು ಇನ್ನೊಂದರ ಹೆಸರಿಗೆ ಬರೆಯುವುದು ಇಬ್ಬರಿಗೂ ಅನ್ಯಾಯ.

ಗದಗಿನವರಿಗೆ ಹೆಮ್ಮೆ ಪಡಲು ಬೇರೆ ಒಳ್ಳೆಯ ಕಾರಣ ಇದೆ. ಕುಮಾರವ್ಯಾಸನ ಊರಿನವರು ನೀವು. ಅಂಕೋರ್ ವಾಟ್‌ನ ಪಶ್ಚಿಮದ ಗೋಡೆಯ ಮೇಲೆ ಕುರುಕ್ಷೇತ್ರ ಯುದ್ಧ ಇಡಿಯಾಗಿ ಇದೆ, ಸುಮಾರು 49 ಮೀಟರ್ ಉದ್ದಕ್ಕೆ. ಎಡಗಡೆಯಿಂದ ಕೌರವರು, ಬಲಗಡೆಯಿಂದ ಪಾಂಡವರು, ನಡುವೆ ಕೈ ಕೈ ಮಿಲಾಯಿಸಿದ ಗದ್ದಲ. ಬಾಣದ ಹಾಸಿಗೆಯ ಮೇಲೆ ಭೀಷ್ಮ. ಅರ್ಜುನನ ರಥಕ್ಕೆ ನಾಲ್ಕು ಕೈಯ ಕೃಷ್ಣ ಸಾರಥಿ. ಪಕ್ಕದಲ್ಲಿ ನಿಂತ ಬೇರೆ ದೇಶದವರು ಗೈಡ್ ಪುಸ್ತಕ ತಿರುವಿ ಹಾಕುತ್ತಿರುವಾಗ ನಿಮಗೆ ಒಬ್ಬೊಬ್ಬರ ಹೆಸರೂ ಗೊತ್ತಿರುತ್ತೆ.

ಅಲ್ಲಿನ ಮೂರ್ತಿಗಳು ಕಳ್ಳತನವಾಗಿ ವಾಪಸ್ ಬಂದವು ಅಂತ ಓದಿದೆ. ನಮ್ಮೂರಲ್ಲೂ ಹಳೇ ಕಲ್ಲುಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ, ಅದಕ್ಕೆ ಕೇಳುತ್ತಿದ್ದೇನೆ. (ಲಕ್ಕುಂಡಿ)

ನೀವು ಲಕ್ಕುಂಡಿಯವರು ಅಂತ ನೋಡಿ ಈ ಉತ್ತರ ಬರೆಯಲು ಕೈ ತಾನಾಗಿ ಮುಂದೆ ಬಂತು. ಅಂಕೋರ್ ವಾಟ್‌ಗೂ ಹಿಂದೆ, 928ರಿಂದ 944ರವರೆಗೆ ಕೋ ಕೆರ್ ಎಂಬಲ್ಲಿ ಖ್ಮೇರ್ ರಾಜಧಾನಿ ಇತ್ತು. ಅಲ್ಲಿನ ಒಂದು ಗುಡಿಯಲ್ಲಿ ಭೀಮ-ದುರ್ಯೋಧನರ ಗದಾಯುದ್ಧವನ್ನು ಆಳೆತ್ತರದ ಬಿಡಿ ಮೂರ್ತಿಗಳಲ್ಲಿ ನಿಲ್ಲಿಸಿದ್ದರು. ಸುತ್ತ ಉಳಿದ ಪಾಂಡವರು, ಕೃಷ್ಣ, ಬಲರಾಮ ಕೂತು ನೋಡುತ್ತಿರುವಂತೆ. ದುರ್ಯೋಧನ ಮೊಣಕಾಲು ಬಗ್ಗಿಸಿ ಇನ್ನೇನು ಜಿಗಿಯುವವನು. ಅದೇ ಶತಮಾನದ ಕೊನೆಗೆ ಅದೇ ಗದೆಯ ಕಾಳಗವನ್ನು ಕನ್ನಡದಲ್ಲಿ ಕಾವ್ಯ ಮಾಡಿದವನು ರನ್ನ. ರನ್ನನಿಗೆ ಆಸರೆ ಕೊಟ್ಟವಳು ನಿಮ್ಮೂರಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ!

ಕಾಂಬೋಡಿಯಾದಲ್ಲಿ ಅಂತರ್ಯುದ್ಧ ನಡೆದಾಗ ಕಳ್ಳರು ಈ ಮೂರ್ತಿಗಳನ್ನು ಪಾದದ ಮೇಲೆ ಮುರಿದು ಹೊತ್ತೊಯ್ದರು. ಪೀಠದ ಮೇಲೆ ಪಾದಗಳು ಅಲ್ಲೇ ಉಳಿದವು. ಆ ಪಾದಗಳೇ ಮುಂದೆ ಸಾಕ್ಷಿಯಾದವು. ಅಮೆರಿಕದ ಹರಾಜಿಗೆ ದುರ್ಯೋಧನ ಬಂದಾಗ ಅವನ ಮುರಿದ ಕಾಲಿಗೂ ಕೋ ಕೆರ್‌ನ ಪಾದಕ್ಕೂ ಹೊಂದಿಕೆಯಾಯಿತು. ಕೇಸು ನಡೆದು 2014ರಲ್ಲಿ ದುರ್ಯೋಧನ ಮನೆಗೆ ಬಂದ, ಅದೇ ವರ್ಷ ಭೀಮನೂ ಬಂದ. ಈಗ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾರೆ.

ಅದಕ್ಕೇ ನಿಮಗೆ ಕೈಮುಗಿದು ಹೇಳುತ್ತೇನೆ. ಮುರಿದ ಕಲ್ಲು, ಖಾಲಿ ಪೀಠ ಅಂತ ಕಡೆಗಣಿಸಬೇಡಿ. ಹೊಲದಲ್ಲಿ, ಹಿತ್ತಲಲ್ಲಿ ಏನು ಕಂಡರೂ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಎಲ್ಲಿ ಯಾವಾಗ ಅಂತ ಬರೆದಿಡಿ, ಪುರಾತತ್ವ ಇಲಾಖೆಗೂ ಪಂಚಾಯಿತಿಗೂ ತಿಳಿಸಿ. ಕಲ್ಲನ್ನು ಜಾಗದಿಂದ ಎತ್ತಬೇಡಿ.

ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆಯಂತೆ. ನಮ್ಮ ಸಿದ್ಧೇಶ್ವರ ಗುಡಿಯೂ ಹಾಗೇ ಇದೆ. ಏನಾದರೂ ಸಂಬಂಧ? (ಹಾವೇರಿ)

ಸಂಬಂಧ ಇಲ್ಲ, ಆದರೆ ಗಮನಿಸಿದ್ದು ಒಳ್ಳೇದಾಯಿತು. ಎರಡೂ ಕಡೆ ಅದು ರೂಢಿಗೆ ಹೊರತು. ಅಂಕೋರ್ ವಾಟ್ ವಿಷ್ಣುವಿನ ಗುಡಿ, ಪಶ್ಚಿಮ ವಿಷ್ಣುವಿನ ದಿಕ್ಕು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಗೋಡೆಯ ಕಥೆಗಳು ಅಪ್ರದಕ್ಷಿಣೆಯಾಗಿ ಓದಬೇಕಾದಂತೆ ಇವೆ, ಹಾಗಾಗಿ ಅದು ರಾಜನ ಸಾವಿನ ನಂತರದ ಸ್ಮಾರಕ ಅನ್ನುವವರೂ ಇದ್ದಾರೆ. ನಿಮಗೆ ಉಪಯೋಗಕ್ಕೆ ಬರುವ ಮಾತು ಇಷ್ಟೇ: ಎಲ್ಲರೂ ಬೆಳಗ್ಗೆ ಐದಕ್ಕೆ ಕೊಳದ ಮುಂದೆ ನೂಕಾಡುತ್ತಾರೆ, ಆಗ ಗುಡಿಯ ಮುಂಭಾಗಕ್ಕೆ ಬೆಳಕೇ ಬಿದ್ದಿರಲ್ಲ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಹಾವೇರಿಯಲ್ಲಿ ಸಂಜೆ ಬಿಸಿಲು ಸಿದ್ಧೇಶ್ವರನ ಮುಖಮಂಟಪಕ್ಕೆ ಬೀಳುವುದನ್ನು ನೋಡಿದವರು ನೀವು, ಯಾಕೆ ಅಂತ ಹೇಳಬೇಕಿಲ್ಲ.

ಒಕ್ಕಲುತನದವನು ನಾನು. ದೇವಸ್ಥಾನ ಸರಿ, ಅಲ್ಲಿನ ರೈತರು ಹೇಗಿದ್ದಾರೆ? (ಹಿರೇಕೆರೂರು)

ಇಂಥ ಪ್ರಶ್ನೆ ಇನ್ನೂ ಬರಬೇಕು. ಭತ್ತವೇ ಜೀವ. ಮನೆಗಳು ಕಂಬದ ಮೇಲೆ. ಕೆಳಗಿನ ನೆರಳಲ್ಲಿ ದನ, ಮಗ್ಗ, ತೂಗುಮಂಚ. ಮಳೆಗಾಲದಲ್ಲಿ ನೀರು ಏರುತ್ತೆ ಅಂತ ಹೀಗೆ ಕಟ್ಟುತ್ತಾರೆ. ಟೋನ್ಲೆ ಸಾಪ್ ಅಂತ ದೊಡ್ಡ ಸರೋವರ ಇದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ, ಸರೋವರದಿಂದ ಹೊರಗೆ ಹರಿಯಬೇಕಾದ ಹೊಳೆ ಉಲ್ಟಾ ತಿರುಗಿ ಸರೋವರಕ್ಕೇ ನೀರು ತುಂಬುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಹತ್ತು ಸಾವಿರವನ್ನೂ ದಾಟುತ್ತೆ. ನೀರು ಇಳಿದ ಮೇಲೆ ಮೀನು, ಹೊಸ ಮಣ್ಣು ಎರಡೂ ಸಿಗುತ್ತವೆ. ಕೆರೆ ಕಟ್ಟುವುದರಲ್ಲೂ ಅವರು ಗಟ್ಟಿಗರು. 11ನೇ ಶತಮಾನದ ಪಶ್ಚಿಮ ಬಾರಾಯ್ 8 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲ. ಅದರ ಒಂದು ಭಾಗದಲ್ಲಿ ಈಗಲೂ ನೀರಿದೆ. ಮದಗ ಮಾಸೂರು ಕೆರೆ ಏರಿಯ ಮೇಲೆ ನಿಂತವರಿಗೆ ಇಂಥ ಕೆಲಸದ ಬೆಲೆ ಗೊತ್ತು.

ಕಾರಹುಣ್ಣಿಮೆಗೆ ನಾವು ಕರಿ ಹರಿಯುತ್ತೇವಲ್ಲ, ಯಾವ ಬಣ್ಣದ ಎತ್ತು ಮುಂದೆ ಬಂತು ಅಂತ ನೋಡಿ ಮುಂಗಾರಿ ಚಲೋನೋ ಹಿಂಗಾರಿ ಚಲೋನೋ ಅಂತ ಲೆಕ್ಕ ಹಾಕುತ್ತೇವಲ್ಲ? ಅಲ್ಲಿ ಮೇ ತಿಂಗಳಲ್ಲಿ ರಾಜನ ಸಮ್ಮುಖದಲ್ಲಿ ನೇಗಿಲು ಹೂಡುವ ಹಬ್ಬ ಇದೆ. ಹೂಡಿದ ಮೇಲೆ ಎತ್ತುಗಳ ಮುಂದೆ ಏಳು ಪಾತ್ರೆ ಇಡುತ್ತಾರೆ: ಭತ್ತ, ಗೋವಿನಜೋಳ, ಕಾಳು, ಎಳ್ಳು, ಹುಲ್ಲು, ನೀರು, ಸೆರೆ. ಎತ್ತು ಯಾವುದಕ್ಕೆ ಬಾಯಿ ಹಾಕಿತೋ ಆ ವರ್ಷ ಆ ಬೆಳೆ ಚೆನ್ನಾಗಿ ಬರುತ್ತೆ ಅಂತ. ಸೆರೆಗೆ ಬಾಯಿ ಹಾಕಿದರೆ ಕೆಟ್ಟ ಶಕುನ. ನಮ್ಮ ಪಿತೃಪಕ್ಷದ ಹೊತ್ತಿಗೇ ಅವರ ಪಚುಮ್ ಬೆನ್ ಹಬ್ಬ ಬರುತ್ತೆ, ಬೆಳಗಿನ ಜಾವ ಬೌದ್ಧ ವಿಹಾರಕ್ಕೆ ಹೋಗಿ ಹಿರಿಯರಿಗೆ ಅನ್ನದ ಉಂಡೆ ಹಾಕುತ್ತಾರೆ.

ಭರತನಾಟ್ಯ ಕಲಿಯುತ್ತಿದ್ದೇನೆ. ಅಪ್ಸರಾ ನೃತ್ಯ ಸಾವಿರ ವರ್ಷದ್ದಂತೆ, ನಮ್ಮದರ ಹಾಗೆಯೇ ಇರುತ್ತಾ? (ಧಾರವಾಡ)

ನೋಡಿದ ಕೂಡಲೇ ನಿಮಗೆ ವ್ಯತ್ಯಾಸ ಗೊತ್ತಾಗುತ್ತೆ. ಗೆಜ್ಜೆಯ ಸದ್ದಿಲ್ಲ, ನೆಲ ತಟ್ಟುವುದಿಲ್ಲ, ಮುಖದಲ್ಲಿ ನವರಸ ಇಲ್ಲ. ಎಲ್ಲ ನಿಧಾನ. ಮಾತೆಲ್ಲ ಬೆರಳಿನಲ್ಲಿ. ಬೆರಳು ಹಿಂದಕ್ಕೆ ಬಾಗಬೇಕು, ಅದಕ್ಕೆ ಸಣ್ಣ ವಯಸ್ಸಿನಿಂದ ದಿನಾ ಒತ್ತಿ ಒತ್ತಿ ಪಳಗಿಸುತ್ತಾರೆ. ಎಲೆ, ಮೊಗ್ಗು, ಹೂ, ಹಣ್ಣು ಎಲ್ಲ ಕೈಯಲ್ಲೇ ಅರಳುತ್ತೆ. ಆಟಕ್ಕೆ ಮುಂಚೆ ಉಡುಪನ್ನು ಮೈಮೇಲೆಯೇ ಹೊಲಿಯುತ್ತಾರೆ.

ಸಾವಿರ ವರ್ಷ ಅನ್ನುವುದು ಅರ್ಧ ನಿಜ. ಗುಡಿಯಲ್ಲಿ ನರ್ತಕಿಯರಿದ್ದದ್ದು ಹಳೆಯದು, ಮೇಲೆ ಹೇಳಿದ 615 ಜನ ಇದ್ದಾರಲ್ಲ. ಆದರೆ ಈಗ ಅಪ್ಸರಾ ಅಂತ ತೋರಿಸುವ ತುಣುಕು 20ನೇ ಶತಮಾನದ ನಡುವಿನದು. ರಾಣಿ ಕೊಸಮಕ್ ಅಂಕೋರಿನ ಕೆತ್ತನೆ ನೋಡಿ ಅದನ್ನು ಕಟ್ಟಿಸಿದರು, ಮೊಮ್ಮಗಳು ಬುಪ್ಪಾ ದೇವಿ ಮುಖ್ಯ ಪಾತ್ರ ಮಾಡಿದರು. ಆಮೇಲೆ ಬಂದದ್ದು 1975ರಿಂದ 1979ರ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆ. ಸುಮಾರು 17 ಲಕ್ಷ ಜನ ಸತ್ತರು, ಕಲಾವಿದರಲ್ಲಿ ಬಹುಪಾಲು ಉಳಿಯಲೇ ಇಲ್ಲ. ಕುಣಿಯುವವಳು ಅಂತ ಗೊತ್ತಾದರೆ ಜೀವ ಹೋಗುವ ಕಾಲ ಅದು. ಬದುಕಿ ಉಳಿದ ಕೆಲವರು ಒಬ್ಬರನ್ನೊಬ್ಬರು ಹುಡುಕಿಕೊಂಡು, ನಿನಗೆ ಯಾವ ಹೆಜ್ಜೆ ನೆನಪಿದೆ, ನನಗೆ ಯಾವುದು ನೆನಪಿದೆ ಅಂತ ಕೂಡಿಸಿ ಮಕ್ಕಳಿಗೆ ಕಲಿಸಿದರು. 2003ರಲ್ಲಿ ಯುನೆಸ್ಕೊ ಈ ಕಲೆಗೆ ಮಾನ್ಯತೆ ಕೊಟ್ಟಿತು. ನೀವು ಗುರುಗಳ ಎದುರು ಕೂತು ಕಲಿಯುವವರು, ಕಲಿಸುವವರೇ ಇಲ್ಲದಂತಾದರೆ ಏನಾಗುತ್ತೆ ಅಂತ ಊಹಿಸಬಲ್ಲಿರಿ. ಅದಕ್ಕೇ ತಟ್ಟೆ ಸದ್ದಿನ ನಡುವೆ ನಡೆಯುವ ಊಟದ ಹೋಟೆಲಿನ ಪ್ರದರ್ಶನಕ್ಕಿಂತ, ಕೂತು ನೋಡುವ ರಂಗಮಂದಿರದ ಟಿಕೆಟ್ ಸಿಕ್ಕರೆ ಅದನ್ನೇ ತಗೊಳ್ಳಿ.

ಪೂರ್ತಿ ಶಾಕಾಹಾರಿ. ಅಲ್ಲಿ ಬದುಕಬಹುದಾ? (ಲಕ್ಷ್ಮೇಶ್ವರ)

ಬದುಕಬಹುದು, ಸಿಯೆಮ್ ರೀಪ್‌ನಲ್ಲಿ ಭಾರತೀಯ ಊಟದ ಹೋಟೆಲುಗಳಿವೆ. ಹಳ್ಳಿಯ ಕಡೆ ಮಾತ್ರ ಹುಷಾರು, ತರಕಾರಿ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ.

ನಮ್ಮ ಶಾಲೆಯಲ್ಲಿ ಒಂದು ದಿನ ಖ್ಮೇರ್ ಸಂಸ್ಕೃತಿಯ ದಿನ ಮಾಡೋಣ ಅಂತಿದ್ದೇವೆ. ದುಡ್ಡು ಕಡಿಮೆ. ಏನೇನು ಮಾಡಿಸಲಿ? (ಶಿಗ್ಗಾಂವಿ ತಾಲೂಕಿನ ಶಿಕ್ಷಕಿ)

ಟೀಚರ್, ಮೊದಲು ಏನು ಬೇಡ ಅಂತ ಹೇಳಿಬಿಡುತ್ತೇನೆ. ಥರ್ಮಾಕೋಲಿನ ಅಂಕೋರ್ ವಾಟ್, ಬಂಗಾರದ ಕಾಗದದ ಕಿರೀಟ ಬೇಡ. ದುಡ್ಡು ಹೋಗುತ್ತೆ, ಮಕ್ಕಳಿಗೆ ಏನೂ ಉಳಿಯಲ್ಲ.

ತೊಗಲು ಗೊಂಬೆ ಮಾಡಿಸಿ. ಅವರಲ್ಲಿ ಸ್ಬೆಕ್ ಥೋಮ್ ಅಂತ ಇದೆ. ನಮ್ಮ ಗೊಂಬೆಗೆ ಕೈಕಾಲು ಆಡುತ್ತವೆ, ಬಣ್ಣ ಇರುತ್ತೆ. ಅವರದು ಇಡೀ ಹಸುವಿನ ತೊಗಲಿನಲ್ಲಿ ಕೊರೆದ ದೊಡ್ಡ ಚಿತ್ರ, ಯಾವುದೂ ಆಡಲ್ಲ. ಆಡುವವನು ಅದನ್ನು ಎರಡು ಕೋಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ತಾನೇ ಕುಣಿಯುತ್ತಾನೆ, ಪರದೆಯ ಹಿಂದೆಯೂ ಮುಂದೆಯೂ. ಕಥೆ ರೀಮ್ಕೆರ್, ಅಂದರೆ ಅವರ ರಾಮಾಯಣ. ಬೆಳಕಿಗೆ ತೆಂಗಿನ ಚಿಪ್ಪು ಉರಿಸುತ್ತಿದ್ದರು. ನೀವು ಬೆಂಕಿ ಬಿಟ್ಟು ಹ್ಯಾಲೋಜನ್ ದೀಪ ಇಡಿ, ಹಳೇ ಪಂಚೆ ಕಟ್ಟಿ, ಟಿವಿ ಡಬ್ಬಿಯ ರಟ್ಟಿನಲ್ಲಿ ಮಕ್ಕಳೇ ಕೊರೆಯಲಿ. ಊರಲ್ಲಿ ದೊಡ್ಡಾಟದ ಹಿರಿಯರು ಯಾರಾದರೂ ಇದ್ದರೆ ಕರೆಯಿರಿ. ಖ್ಮೇರ್ ಜನರ ಮುಖವಾಡದ ಆಟ ಲಖೋನ್ ಖೋಲ್‌ನಲ್ಲಿ ಗಂಡಸರೇ ಎಲ್ಲ ಪಾತ್ರ ಮಾಡುವುದು, ನಮ್ಮ ಹಳೇ ದೊಡ್ಡಾಟದ ಹಾಗೆ. ಹೆಣ್ಣುಪಾತ್ರಕ್ಕೆ ಹೇಗೆ ತಯಾರಾಗುತ್ತಿದ್ದೆ ಅಂತ ಆ ಹಿರಿಯರು ಹೇಳಿದರೆ ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ಆಟ ಶುರು ಮಾಡುವ ಮುಂಚೆ ಅಲ್ಲಿ ಗುರುಗಳಿಗೆ ನಮಸ್ಕಾರ ಮಾಡುವ ಸಾಂಪೆಯಾ ಕ್ರೂ ವಿಧಿ ಇದೆ, ಅದನ್ನೂ ಸೇರಿಸಿ.

ಹಳ್ಳಿಯ ಬದುಕಿಗೆ ಬಾಯೋನ್ ಗೋಡೆಯ ಸಂತೆಯ ಚಿತ್ರ ತೋರಿಸಿ, ಆಮೇಲೆ ನಿಮ್ಮೂರ ಸಂತೆಯನ್ನು ಹಾಗೇ ಮಣ್ಣಿನ ಹಲಗೆಯ ಮೇಲೆ ಮಾಡಿಸಿ. ತೂಕ ಹಾಕುವವಳು, ಬಳೆಗಾರ, ಮೆಣಸಿನಕಾಯಿ ರಾಶಿ, ಮಲಗಿದ ನಾಯಿ, ಎಲ್ಲ ಇರಲಿ. ಗೊಟಗೋಡಿಯ ರಾಕ್ ಗಾರ್ಡನ್ ನಿಮಗೆ ಹತ್ತಿರ, ಅದಕ್ಕೂ ಮುಂಚೆ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಹಳ್ಳಿಯ ಜನರನ್ನು ಶಿಲ್ಪವಾಗಿ ಮಾಡುವುದು ಹೇಗೆ ಅಂತ ಕಣ್ಣಾರೆ ನೋಡುತ್ತಾರೆ. ಉಡುಪಿಗೆ ಒಂದು ಚೌಕಡಿ ಟವೆಲ್ ಸಾಕು. ಅಲ್ಲಿ ಅದಕ್ಕೆ ಕ್ರಮಾ ಅನ್ನುತ್ತಾರೆ. ತಲೆಗೆ ಸುತ್ತುತ್ತಾರೆ, ಸೊಂಟಕ್ಕೆ ಕಟ್ಟುತ್ತಾರೆ, ಅದರಲ್ಲೇ ಮಗು ತೂಗುತ್ತಾರೆ. ಖ್ಮೇರ್ ರೂಜ್ ಕಥೆಯನ್ನು ಒಂಬತ್ತು-ಹತ್ತನೇ ತರಗತಿಯವರಿಗೆ ಮಾತ್ರ ಹೇಳಿ, ಸಣ್ಣವರಿಗೆ ಬೇಡ.

ದಿನ ಯಾವುದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ತಿಕದ ಹುಣ್ಣಿಮೆಗೆ ಅವರ ನೀರಿನ ಹಬ್ಬ, ಬೋನ್ ಓಮ್ ಟೂಕ್. ಟೋನ್ಲೆ ಸಾಪ್ ನೀರು ಮತ್ತೆ ಹೊರಗೆ ಹರಿಯುವ ಹೊತ್ತಿಗೆ ದೋಣಿ ಪಂದ್ಯ ನಡೆಯುತ್ತೆ, ರಾತ್ರಿ ಚಂದ್ರನಿಗೆ ಕೈಮುಗಿದು ಹೊಸ ಭತ್ತದ ಅವಲಕ್ಕಿಯನ್ನು ಬಾಳೆಹಣ್ಣಿನ ಜೊತೆ ತಿನ್ನುತ್ತಾರೆ. ನಮ್ಮಲ್ಲಿ ಅದೇ ಗೌರಿ ಹುಣ್ಣಿಮೆ, ಮಕ್ಕಳ ಕೈಯಲ್ಲಿ ಸಕ್ಕರೆ ಆರತಿ ಇರುತ್ತೆ. ಆ ವಾರದಲ್ಲೇ ಇಟ್ಟುಕೊಳ್ಳಿ. ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಪ್ರತಿ ಮನೆಯಿಂದ ಒಂದೊಂದು ಹಿಡಿ ತರಿಸಿದರೆ ಊಟದ ಖರ್ಚೂ ಇಲ್ಲ. ನೆರಳಿನ ಆಟಕ್ಕೆ ಕತ್ತಲು ಬೇಕು, ಹಾಗಾಗಿ ಕಾರ್ಯಕ್ರಮವನ್ನು ಸಂಜೆ ಐದರ ಮೇಲೆ ಶುರು ಮಾಡಿ, ಪಾಲಕರಿಗೆ ಮುಂಚೆಯೇ ಚೀಟಿ ಕಳಿಸಿಬಿಡಿ.